ಹಳೆಯ ಹಡಗಿಗೆ ಬಣ್ಣ ಬಳಿದರೇ?

ಧಾರವಾಡದ ಓದುಗರೊಬ್ಬರು ಬರೆಯುತ್ತಾರೆ: "ಇಟಲಿಯ ಯುದ್ಧನೌಕೆಗಳನ್ನು ನಿಮ್ಮ ಲೇಖನ ವಿಪರೀತ ಹೊಗಳಿದೆ. ಮೊದಲ ಮಹಾಯುದ್ಧದ ಹಡಗುಗಳಿಗೆ ಬಣ್ಣ ಬಳಿದು ಹೊಸದೆಂದು ತೋರಿಸಿದರು, ಅಷ್ಟೇ. ಟಾರಂಟೊ ಬಂದರಿನಲ್ಲಿ 'ಕೊಂತೆ ದಿ ಕಾವೂರ್' ಒಂದೇ ಟಾರ್ಪಿಡೊಗೆ ಮುಳುಗಲಿಲ್ಲವೇ?"

ಮಾನ್ಯರೇ,

ಮುಳುಗಿದ್ದು ನಿಜ. ಬಣ್ಣ ಬಳಿದರು ಎಂಬ ಮಾತನ್ನು ಮಾತ್ರ ಒಪ್ಪಲಾರೆ.

1911ರಲ್ಲಿ ನೀರಿಗಿಳಿದ ಕಾವೂರ್ ಹಡಗನ್ನು 1933ರಿಂದ 1937ರವರೆಗೆ ಬಿಚ್ಚಿ ಕಟ್ಟಿದರು. ನಡುವಿನ ಫಿರಂಗಿ ಗೋಪುರವನ್ನೇ ಕಿತ್ತು ಹಾಕಿದರು. 13 ಫಿರಂಗಿಗಳಿದ್ದಲ್ಲಿ 10 ಉಳಿದವು. ಅವುಗಳ 305 ಮಿ.ಮೀ. ನಳಿಕೆಗಳನ್ನು ಒಳಗಿನಿಂದ ಕೊರೆದು 320 ಮಿ.ಮೀ.ಗೆ ಹಿಗ್ಗಿಸಿದರು. ಹಡಗಿನ ಹಳೆಯ ಮೂತಿಯ ಮೇಲೆಯೇ ಹೊಸ ಮೂತಿಯನ್ನು ತೊಡಿಸಿ ಅದನ್ನು ಸುಮಾರು 10 ಮೀಟರ್ ಉದ್ದ ಮಾಡಿದರು. ಯಂತ್ರಗಳೂ ಹೊಸವು. 21 ನಾಟ್ ಆಸುಪಾಸಿನಲ್ಲಿದ್ದ ವೇಗ 27 ನಾಟ್ ಮುಟ್ಟಿತು. ಫ್ರಾನ್ಸ್ 'ಡಂಕರ್ಕ್' ಎಂಬ ಹೊಸ ಯುದ್ಧನೌಕೆ ಕಟ್ಟಲು ಹೊರಟಿದ್ದಾಗ ಕೈಯಲ್ಲಿದ್ದ ಹಡಗಿನಿಂದ ಇಷ್ಟನ್ನು ಹೊರಡಿಸಿದ್ದು ಸಣ್ಣ ಕೆಲಸವಲ್ಲ.

ನಿಮ್ಮ ಆಕ್ಷೇಪದ ತಿರುಳಿರುವುದು ನೀರಿನಡಿಯ ರಕ್ಷಣೆಯಲ್ಲಿ. ನೌಕಾ ವಿನ್ಯಾಸಕಾರ ಉಂಬೆರ್ತೊ ಪುಲಿಯೆಸೆ ಹಡಗಿನ ಎರಡೂ ಪಕ್ಕಗಳೊಳಗೆ ಉದ್ದಕ್ಕೂ ಟೊಳ್ಳು ಉಕ್ಕಿನ ಕೊಳವೆ ಇಟ್ಟು, ಅದರ ಸುತ್ತ ದ್ರವ ತುಂಬಿಸುವ ವ್ಯವಸ್ಥೆ ರೂಪಿಸಿದ; ಕಾವೂರ್‌ಗೂ ಇದನ್ನೇ ಅಳವಡಿಸಿದರು. ಮುಂದೆ ಬಂದ ಲಿಟ್ಟೋರಿಯೊ ವರ್ಗದ ನೌಕೆಗಳಲ್ಲಿ ಈ ಕೊಳವೆಯ ವ್ಯಾಸವೇ 3.8 ಮೀಟರ್. ಟಾರ್ಪಿಡೊ ಸಿಡಿದಾಗ ಅದರ ಒತ್ತಡ ದ್ರವದ ಮೂಲಕ ಹಾದು ಕೊಳವೆಯನ್ನು ನಜ್ಜುಗುಜ್ಜಾಗಿಸಬೇಕು. ಅಲ್ಲಿಗೇ ಅದರ ಬಲ ತೀರಿ ಒಳಗೋಡೆ ಉಳಿಯಬೇಕು. ಲೆಕ್ಕ ಸೊಗಸಾಗಿತ್ತು. ಆದರೆ ಒಳಗಿನ ಬಾಗಿದ ಗೋಡೆ ತಳವನ್ನು ಸೇರುವಲ್ಲಿನ ಬೆಸುಗೆ, ರಿವೆಟ್ಟುಗಳು ಆ ಹೊಡೆತಕ್ಕೆ ಸಾಲದಾದವು. ಕೊಳವೆ ಕುಸಿಯುವ ಮೊದಲೇ ಒತ್ತಡ ದುರ್ಬಲ ಜೋಡಣೆಯ ಕಡೆ ದಾರಿ ಮಾಡಿಕೊಳ್ಳುತ್ತಿತ್ತು. ಕಾವೂರ್‌ನ ಹಳೆಯ ಇಕ್ಕಟ್ಟಾದ ಒಡಲಿನಲ್ಲಿ ಇದಕ್ಕೆ ಬೇಕಾದಷ್ಟು ಜಾಗವೂ ಇರಲಿಲ್ಲ. ನನ್ನ ಮಟ್ಟಿಗೆ ದೋಷ ಇಲ್ಲಿದೆ: ಕಲ್ಪನೆಗೆ ಕೊಟ್ಟ ಗಮನವನ್ನು ಜೋಡಣೆಗೆ ಕೊಡಲಿಲ್ಲ.

ಪುಲಿಯೆಸೆಯ ಕಥೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯಹೂದಿಯಾಗಿದ್ದ ಕಾರಣಕ್ಕೆ, 1938ರ ಜನಾಂಗೀಯ ಕಾನೂನುಗಳ ನಂತರ ಅವನನ್ನು ನೌಕಾಪಡೆಯಿಂದ ಹೊರಹಾಕಿದ್ದರು. 1940ರ ನವೆಂಬರ್‌ನಲ್ಲಿ ಬ್ರಿಟಿಷ್ ವಿಮಾನಗಳು ಟಾರಂಟೊ ಮೇಲೆ ದಾಳಿ ನಡೆಸಿದ ಮೇಲೆ, ಮುಳುಗಿದ ಹಡಗುಗಳನ್ನು ಎತ್ತಲು ಅದೇ ಸರ್ಕಾರ ಅವನನ್ನು ಕರೆಯಿತು. ಅವನು ಬಂದ. ಅದೇ ದಾಳಿಯಲ್ಲಿ ಪೆಟ್ಟು ತಿಂದ ಲಿಟ್ಟೋರಿಯೊ, ದುಯಿಲಿಯೊ ಯುದ್ಧನೌಕೆಗಳೆರಡೂ ದುರಸ್ತಿಯಾಗಿ ಸೇವೆಗೆ ಮರಳಿದವು. ಕಾವೂರ್ ಹಡಗನ್ನು 1941ರಲ್ಲಿ ಎತ್ತಿ ಟ್ರಿಯೆಸ್ಟ್‌ಗೆ ಒಯ್ದರೂ ಅದರ ದುರಸ್ತಿ ಮುಗಿಯಲೇ ಇಲ್ಲ.

- ಸಂಪಾದಕ