ಕರಿಗುಡ್ಡದ ಬುಡದಿಂದ ಉತ್ತರಗಳು

ಕಳೆದ ತಿಂಗಳು ಇದೇ ಪುಟದಲ್ಲಿ ನಮ್ಮ ನಿವೃತ್ತಿಯ ಊರಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಮಿಶಿಗನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ 27 ವರ್ಷ ಕೆಲಸ ಮಾಡಿ, ಆರು ವರ್ಷದ ಹಿಂದೆ ನಾನೂ ನಮ್ಮನೆಯವರೂ ಅರಿಜೋನಾದ ಟೂಸಾನಿಗೆ ಬಂದು ಸೇರಿದ ಕಥೆ. ಅದಕ್ಕೆ ಬಂದ ಪತ್ರಗಳು ನನ್ನ ಲೇಖನಕ್ಕಿಂತ ಚೆನ್ನಾಗಿವೆ. ಕೈಗೆ ಸಿಕ್ಕಷ್ಟಕ್ಕೆ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನೀವು ನಮ್ಮ ಕಡೆಯವರು ಅಂತ ಓದಿದೆ. ಮಳೆಯಲ್ಲೇ ಬೆಳೆದವರು ಮರುಭೂಮಿಗೆ ಹೋಗಿ ಕೂತಿದ್ದೀರಲ್ಲ, ತಲೆ ಸರಿ ಇದೆಯಾ? (ತೀರ್ಥಹಳ್ಳಿ)

ತಲೆ ಸರಿ ಇದೆ, ಮಂಡಿ ಸರಿ ಇಲ್ಲ. ಮಿಶಿಗನ್ನಿನಲ್ಲಿ ಜನವರಿ ಬೆಳಿಗ್ಗೆ ಕಾರು ತೆಗೆಯಬೇಕಾದರೆ ಮೊದಲು ಅರ್ಧ ಗಂಟೆ ಹಿಮ ಎತ್ತಿ ಹಾಕಬೇಕು. ಕೊನೆಯ ಚಳಿಗಾಲದಲ್ಲಿ ಜಾರಿ ಬಿದ್ದೆ. ಮನೆ ಮಾರುವಾಗ ಸಲಿಕೆಯನ್ನೂ ಮನೆಯ ಜೊತೆಗೇ ಕೊಟ್ಟುಬಿಟ್ಟೆವು.

ಮರುಭೂಮಿ ಅಂದರೆ ಮರಳು ದಿಬ್ಬ, ಒಂಟೆ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲಿ ಎರಡೂ ಇಲ್ಲ. ಇದು ಸೊನೋರಾ ಮರುಭೂಮಿ. ಮರ ಇದೆ, ಹಕ್ಕಿ ಇದೆ, ನಾಲ್ಕೂ ಕಡೆ ಬೆಟ್ಟ ಇದೆ. ಪಾಲೋ ವೆರ್ದೆ ಅಂತ ಒಂದು ಮರ, ಕಾಂಡವೇ ಹಸಿರು. ನೀರು ಸಾಲದಿದ್ದಾಗ ಎಲೆ ಉದುರಿಸಿ ತೊಗಟೆಯಲ್ಲೇ ಅಡುಗೆ ಮಾಡಿಕೊಳ್ಳುತ್ತದೆ. ಒಂದು ಗಂಟೆ ಕಾರಿನಲ್ಲಿ ಹತ್ತಿದರೆ 9,157 ಅಡಿ ಎತ್ತರದ ಮೌಂಟ್ ಲೆಮ್ಮನ್. ಅಲ್ಲಿ ಪೈನ್ ಕಾಡು, ಚಳಿಗಾಲದಲ್ಲಿ ಹಿಮ. ನೋಡುತ್ತೇವೆ, ಎತ್ತುವುದಿಲ್ಲ, ಇಳಿದು ಬರುತ್ತೇವೆ. ಟೂಸಾನ್ ಅನ್ನುವ ಹೆಸರು ಇಲ್ಲಿನ ಮೂಲ ಜನರಾದ ಓಧಮರ ಭಾಷೆಯದು. ಕರಿಗುಡ್ಡದ ಬುಡ ಅಂತ ಅರ್ಥ. ನಮ್ಮ ಕಡೆಯ ಊರಿನ ಹೆಸರಿದ್ದ ಹಾಗೇ ಇದೆ, ಅಲ್ವಾ?

ಪ್ರಶ್ನೆ: 42 ಡಿಗ್ರಿ ಬಿಸಿಲು ಅಂತ ಬರೆದಿದ್ದೀರಿ. ನಮಗೆ ಅದು ದಿನಾ ಇದ್ದದ್ದೇ. ಅದರಲ್ಲೇನು ವಿಶೇಷ? (ರಾಯಚೂರು)

ವಿಶೇಷ ಏನಿಲ್ಲ, ತಪ್ಪಾಯಿತು. ಆದರೆ ನೀವು ಒಲೆಯಿಂದ ಪಾತ್ರೆ ಇಳಿಸುವ ಕೈಗವಸು ಹಾಕಿಕೊಂಡು ಕಾರು ಓಡಿಸಿದ್ದೀರಾ? ಅಂಗಡಿಯ ಮುಂದೆ ಒಂದು ಗಂಟೆ ನಿಂತ ಕಾರಿನ ಸ್ಟೀರಿಂಗ್ ಮುಟ್ಟಲಾಗುವುದಿಲ್ಲ. ಇಲ್ಲಿ ಎಲ್ಲರೂ ಹುಡುಕುವುದು ಬಾಗಿಲಿಗೆ ಹತ್ತಿರದ ಜಾಗವನ್ನಲ್ಲ, ನೆರಳಿನ ಜಾಗವನ್ನು. ಜೂನ್‌ನಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ ಬರುತ್ತದೆ.

ನಮ್ಮ ಮನೆ ಹಳೆಯದು. ಮಾಡಿನ ಮೇಲೆ ಒದ್ದೆ ಮೆತ್ತೆಯ ಮೂಲಕ ಗಾಳಿ ಎಳೆಯುವ ದೊಡ್ಡ ಕೂಲರ್ ಇದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದ ಹಾಗೆ, ಅದೇ ಉಪಾಯ. ಒಣ ಗಾಳಿ ಇರುವ ತನಕ ಸೊಗಸು. ಜುಲೈನಲ್ಲಿ ಗಾಳಿಗೆ ತೇವ ಬಂತೋ, ಸುಮ್ನೆ ಸದ್ದು ಮಾಡುತ್ತದೆ ಅಷ್ಟೆ. ಅದರ ತಗಡಿನ ಮೇಲೆ ಒಂದು ಮರಕುಟಿಗ ವಸಂತದಲ್ಲಿ ಬೆಳಿಗ್ಗೆ ಐದಕ್ಕೇ ಡೋಲು ಬಾರಿಸುತ್ತದೆ. ಇದು ನನ್ನ ಜಾಗ ಅಂತ ಊರಿಗೆಲ್ಲ ಸಾರುವುದಕ್ಕೆ ಮರಕ್ಕಿಂತ ತಗಡು ವಾಸಿ ಅಂತ ಅದು ಕಂಡುಕೊಂಡಿದೆ.

ಪ್ರಶ್ನೆ: ಅಂಥ ಬಿಸಿಲಿದ್ದರೆ ಹಪ್ಪಳ ಸಂಡಿಗೆಗೆ ಹಬ್ಬ ಅಲ್ವಾ? (ಶಿರಸಿ)

ನಾನೂ ಹಾಗೇ ತಿಳಿದು ಮೊದಲ ವರ್ಷ ಎರಡು ಸೇರು ಅಕ್ಕಿ ಹಾಳು ಮಾಡಿದೆ. ಮೇ ತಿಂಗಳ ಮಧ್ಯಾಹ್ನ ಗಾಳಿಯ ತೇವ ಶೇಕಡಾ 10ಕ್ಕಿಂತ ಕೆಳಗೆ ಇಳಿಯುತ್ತದೆ. ಹತ್ತು ಗಂಟೆಗೆ ಸಂಡಿಗೆ ಇಟ್ಟೆ. ಹನ್ನೊಂದಕ್ಕೆ ಮೇಲೆಲ್ಲ ಗಾಜಿನ ಹಾಗೆ ಕಟಕಟ. ಆಯ್ತು ಅಂತ ಡಬ್ಬಿಗೆ ತುಂಬಿದೆ. ಒಳಗಿನ್ನೂ ಹಸಿ! ಸಂಜೆ ಕರಿದರೆ ಬಾಣಲೆಯಲ್ಲಿ ದೀಪಾವಳಿ. ಉಳಿದದ್ದು ವಾರದಲ್ಲಿ ಬೂಷ್ಟು ಹಿಡಿಯಿತು.

ಈಗ ಸಂಜೆ ಆರರ ಮೇಲೆ ಇಡುತ್ತೇನೆ. ಜಗಲಿಯ ಮೇಲೆ, ಹಳೇ ಕಾಟನ್ ಸೀರೆ ಮುಚ್ಚಿ. ಬೇಸಿಗೆಯಲ್ಲಿ ಇಬ್ಬನಿ ಅನ್ನುವುದೇ ಇಲ್ಲವಲ್ಲ, ರಾತ್ರಿಯಿಡೀ ನಿಧಾನಕ್ಕೆ ಒಳಗಿನಿಂದ ಒಣಗುತ್ತದೆ. ಬೆಳಿಗ್ಗೆ ಒಂದು ಗಂಟೆ ಎಳೆಬಿಸಿಲು ಸಾಕು. ಅಮ್ಮನಿಗೆ ಬಿಸಿಲು ಸಾಲದ ಚಿಂತೆ, ನನಗೆ ಬಿಸಿಲು ತಪ್ಪಿಸುವ ಚಿಂತೆ.

ಪ್ರಶ್ನೆ: ಅಲ್ಲೂ ಪಾಪಾಸುಕಳ್ಳಿ ಇದೆಯಂತೆ. ಚಿಕ್ಕವರಿದ್ದಾಗ ಅದರ ಹಣ್ಣು ತಿಂದು ನಾಲಿಗೆ ಕೆಂಪು ಮಾಡಿಕೊಳ್ಳುತ್ತಿದ್ದೆವು. (ವಿಜಯಪುರ)

ಅಲ್ಲೂ ಅಲ್ಲ, ಅದರ ತವರೇ ಇತ್ತ ಕಡೆ. ಅಮೆರಿಕ ಖಂಡದಿಂದ ನಮ್ಮಲ್ಲಿಗೆ ಬಂದ ಗಿಡ ಅದು. ಇಲ್ಲಿನ ಮೆಕ್ಸಿಕನ್ ಅಂಗಡಿಗಳಲ್ಲಿ ಎಳೆ ಹಲಗೆಗಳನ್ನು ಮುಳ್ಳು ಹೆರೆದು ತರಕಾರಿಯಾಗಿ ಮಾರುತ್ತಾರೆ, ನೊಪಾಲೆಸ್ ಅಂತ. ಬೆಂಡೆಕಾಯಿಯ ಹಾಗೆ ಲೋಳೆ. ಮೊದಲೇ ಹುಣಸೆರಸ ಹಾಕಿ ತೆರೆದ ಬಾಣಲೆಯಲ್ಲಿ ಬಾಡಿಸಿದರೆ ಪಲ್ಯ ಚೆನ್ನಾಗಿ ಬರುತ್ತದೆ. ನಮ್ಮನೆಯವರಿಗೆ ಏನೆಂದು ಹೇಳದೆ ಬಡಿಸಿದೆ, ಎರಡು ಸಲ ಹಾಕಿಸಿಕೊಂಡರು.

ಇನ್ನೊಂದು ಸಂಗತಿ ನೀವು ನೋಡಿರಲಿಕ್ಕಿಲ್ಲ. ನಮ್ಮ ಬೇಲಿಯ ಕಳ್ಳಿಯ ಮೇಲೆ ಬಿಳಿ ಹತ್ತಿ ಅಂಟಿದ ಹಾಗೆ ಇತ್ತು. ರೋಗ ಅಂತ ಉಗುರಿನಿಂದ ಕೆರೆದೆ. ಬೆರಳೆಲ್ಲ ಕಡುಗೆಂಪು, ಒದ್ದೆ ಕುಂಕುಮ ಹಿಡಿದ ಹಾಗೆ. ಅದು ಕೊಚಿನೀಲ್ ಅನ್ನುವ ಹುಳ. ಮೆಕ್ಸಿಕೋದಿಂದ ಸ್ಪೇನಿನವರು ಈ ಬಣ್ಣ ಸಾಗಿಸಿ ಭಾರಿ ದುಡ್ಡು ಮಾಡಿದರು. ಆ ಆಸೆಗೆ ಈಸ್ಟ್ ಇಂಡಿಯಾ ಕಂಪನಿಯವರು 1795ರಲ್ಲಿ ಭಾರತಕ್ಕೆ ಹುಳ ತರಿಸಿದರು. ಬಂದದ್ದು ಬೇರೆ ಜಾತಿ. ಒಳ್ಳೆಯ ಬಣ್ಣ ಕೊಡಲಿಲ್ಲ, ಬದಲಿಗೆ ಕಳ್ಳಿಯನ್ನೇ ತಿಂದು ಹಾಕಿತು. ನನ್ನ ಬಿಳಿ ದುಪಟ್ಟಾದ ಮೇಲೆ ಮಾತ್ರ ಬಣ್ಣ ಇನ್ನೂ ಇದೆ.

ಪ್ರಶ್ನೆ: ಹಾವು, ಚೇಳು? (ಬೆಂಗಳೂರು)

ಇವೆ. ಬೂಟು ಕೊಡವಿ ಹಾಕಿಕೊಳ್ಳಬೇಕು. ಚೇಳು ಅಲ್ಟ್ರಾವಯೊಲೆಟ್ ಟಾರ್ಚಿನ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ. ಮೊದಲ ರಾತ್ರಿ ಹಿತ್ತಲಿನ ಗೋಡೆಯ ಮೇಲೆ ಏಳು ಎಣಿಸಿದೆ. ಆಮೇಲೆ ಎಣಿಸುವುದು ಬಿಟ್ಟೆ.

ಪ್ರಶ್ನೆ: ಮಗಳು ಫೀನಿಕ್ಸ್‌ಗೆ ಬಂದು ಇರಿ ಅನ್ನುತ್ತಿದ್ದಾಳೆ. ಹೊತ್ತು ಹೋಗುತ್ತದೆಯೇ? (ಮೈಸೂರು)

ಕಾರು ಓಡಿಸಲು ಬರುತ್ತದೆಯಾ? ಬರದಿದ್ದರೆ ಮಗಳು ಮನೆಗೆ ಬರುವ ತನಕ ಕಿಟಕಿಯೇ ಗತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದು ಅನುಕೂಲ ಇದೆ. ಅರಿಜೋನಾದ ಹೆಚ್ಚಿನ ಕಡೆ ಬೇಸಿಗೆಗೆ ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ಇಲ್ಲ. ಊರಿಗೂ ನಮಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ಅಂತರ. ಇಲ್ಲಿ ಬೆಳಿಗ್ಗೆ ಏಳು ಅಂದರೆ ಅಲ್ಲಿ ಸಂಜೆ ಏಳೂವರೆ. ಮಿಶಿಗನ್ನಿನಲ್ಲಿ ಪ್ರತಿ ಸಲ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೆ.

ಇಲ್ಲಿನ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಬೀಜವನ್ನೂ ಕೊಡುತ್ತಾರೆ. 2012ರಿಂದ ಇದೆ ಈ ವ್ಯವಸ್ಥೆ. ಹಳೇ ಕಾರ್ಡಿನ ಪೆಟ್ಟಿಗೆಯ ಖಾನೆ ಎಳೆದರೆ ಬೀಜದ ಪೊಟ್ಟಣಗಳು. ಬೆಳೆದು, ಸಾಧ್ಯವಾದರೆ ಒಂದಿಷ್ಟು ಬೀಜ ವಾಪಸು ಕೊಡಿ ಅನ್ನುತ್ತಾರೆ, ದಂಡ ಇಲ್ಲ. ನಾನು ಟೆಪರಿ ಅನ್ನುವ ಸಣ್ಣ ಅವರೆ ತಂದೆ. ಓಧಮರ ಹಳೇ ಬೆಳೆ, ಜಾಸ್ತಿ ನೀರು ಕೊಟ್ಟರೆ ಬರೀ ಸೊಪ್ಪು. ಮಲೆನಾಡಿನ ಕೈ, ನೀರು ಹಾಕದೆ ಇರುವುದು ಕಲಿಯಲು ನನಗೆ ಎರಡು ಬೆಳೆ ಬೇಕಾಯಿತು. ಮೂರನೆಯದರಲ್ಲಿ ಬಸ್ಸಾರು ಮಾಡಿದೆ.

ಪ್ರಶ್ನೆ: ಮಳೆ ನೆನಪಾಗುವುದಿಲ್ಲವೇ? (ಸಾಗರ)

ಆಗುಂಬೆಯಲ್ಲಿ ಆಷಾಢದ ಒಂದು ದಿನ ಗಟ್ಟಿಯಾಗಿ ಸುರಿದರೆ ಎಷ್ಟೋ ಅಷ್ಟು ಮಳೆ ನಮಗೆ ಇಡೀ ವರ್ಷಕ್ಕೆ, ಸುಮಾರು 28 ಸೆಂಟಿಮೀಟರ್. ಅದರಲ್ಲಿ ಅರ್ಧದಷ್ಟು ಬೇಸಿಗೆಯ ಕೊನೆಗೆ. ಅದಕ್ಕೆ ಇಲ್ಲಿನವರೂ ಮಾನ್ಸೂನ್ ಅಂತಲೇ ಅನ್ನುತ್ತಾರೆ. ಲೆಕ್ಕಕ್ಕೆ ಜೂನ್ 15ರಿಂದ ಸೆಪ್ಟೆಂಬರ್ 30.

ಅದಕ್ಕೆ ಸ್ವಲ್ಪ ಮುಂಚೆ ಸವಾರೋ ಕಳ್ಳಿಯ ಹಣ್ಣು ಕೆಂಪಾಗುತ್ತದೆ. ತೋಳೆತ್ತಿ ನಿಂತ ಮನುಷ್ಯನ ಹಾಗೆ ಕಾಣುವ ದೊಡ್ಡ ಕಳ್ಳಿ ಅದು. ಮೊದಲ ತೋಳು ಮೂಡಲು 50 ವರ್ಷಕ್ಕೂ ಮೇಲೆ ಬೇಕು. ತೊಹೊನೊ ಓಧಮರು ಸತ್ತ ಸವಾರೋದ ಒಳಗಿನ ಉದ್ದ ಕಡ್ಡಿಗಳನ್ನೇ ಜೋಡಿಸಿ ಕಟ್ಟಿ, ತುದಿಗೆ ಅಡ್ಡಕಡ್ಡಿ ಬಿಗಿದು ಹಣ್ಣು ಕೀಳುತ್ತಾರೆ. ನಾನು ನೋಡಿದ ಕೂಡಲೇ ‘ದೋಟಿ!’ ಅಂದೆ. ಆ ಹಣ್ಣಿನ ಹೆಂಡ ಮಾಡಿ ಮಳೆ ಕರೆಯುತ್ತಾರೆ. ಅವರ ಹೊಸ ವರ್ಷ ಅಲ್ಲಿಂದ.

ಮೊದಲ ಮಳೆ ಸಂಜೆ ನಾಲ್ಕಕ್ಕೆ ಬರುತ್ತದೆ. ಮೊದಲು ಧೂಳು, ಆಮೇಲೆ ವಾಸನೆ. ಮಣ್ಣಿನದ್ದಲ್ಲ. ಕ್ರಿಯೋಸೋಟ್ ಅನ್ನುವ ಕುರುಚಲು ಗಿಡದ ಎಲೆಗೆ ತೇವ ತಗುಲಿದರೆ ಬರುವ ವಾಸನೆ, ಸ್ವಲ್ಪ ಟಾರು, ಸ್ವಲ್ಪ ಔಷಧಿ. ಮೊದಲ ವರ್ಷ ಮೂಗು ಮುಚ್ಚಿಕೊಂಡೆ. ಈಗ ಏಪ್ರಿಲ್, ಮೇನಲ್ಲಿ ತಡೆಯಲಾಗದೆ ಒಂದು ರೆಂಬೆ ಮುರಿದು ತಂದು ಬಚ್ಚಲಿನ ಶವರಿಗೆ ಕಟ್ಟುತ್ತೇನೆ. ಹಬೆ ತಾಗಿದ ಕೂಡಲೇ ಮನೆ ತುಂಬ ಮಳೆ. ಊರಿನ ವಾಸನೆ ಅಲ್ಲ ಅದು, ಇಲ್ಲಿಯದೇ.

ಹೋದ ಜುಲೈನಲ್ಲಿ ಮಳೆ ಬಂದ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿ, ಕೇಳು ಅಂತ ಜಗಲಿಯ ಆಚೆ ಹಿಡಿದೆ. ಊರಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅವಳ ಕಡೆಯಿಂದಲೂ ಮಾಡಿನ ಮೇಲೆ ಅದೇ ಸದ್ದು. ‘ನಮ್ಮದೇ ನಿಂತಿಲ್ಲ, ನಿನ್ನದನ್ನೂ ಕೇಳಬೇಕಾ?’ ಅಂದು ಫೋನ್ ಇಟ್ಟಳು.