ಲಿಬರ್ಟೇರಿಯನ್‌ಗೆ ಹಾಕಿದರೆ ವೋಟು ದಂಡವಾಗುತ್ತಾ?

ಸರ್ಕಾರ, ತೆರಿಗೆ ಎರಡೂ ಆದಷ್ಟು ಕಡಿಮೆ ಇರಬೇಕು ಅನ್ನುವ ಅಮೆರಿಕದ ಚಿಕ್ಕ ಪಕ್ಷ ಲಿಬರ್ಟೇರಿಯನ್‌ಗೆ ವೋಟು ಹಾಕಲಾ ಬೇಡವಾ ಅಂತ ಕೇಳಿದ್ದೀರಿ. ನೀವು ಎರಡು ಪ್ರಶ್ನೆಗಳನ್ನು ಒಂದೇ ಗಂಟು ಮಾಡಿಕೊಂಡಿದ್ದೀರಿ, ಅದಕ್ಕೇ ತಲೆ ಕೆಡ್ತಿರೋದು ಅನ್ನಿಸುತ್ತದೆ. ಅಮೆರಿಕದಲ್ಲಿ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡೂ ಅಲ್ಲದ ಮೂರನೇ ಪಕ್ಷಕ್ಕೆ ಹಾಕಿದ ವೋಟು ದಂಡವಾ ಅನ್ನುವುದು ಒಂದು. ಸರ್ಕಾರ ಎಷ್ಟು ಚಿಕ್ಕದಿರಬೇಕು ಅನ್ನುವುದು ಇನ್ನೊಂದು. 2016ರಲ್ಲಿ ನಾನೂ ಹೀಗೇ ಒದ್ದಾಡಿದ್ದೆ.

ಮೊದಲು ಎರಡನೆಯದನ್ನು ಬಿಡಿಸಿ. ಒಂದು ಹಾಳೆ ತಗೊಂಡು, ಹೋದ ವಾರ ನಿಮ್ಮ ಮನೆಗೆ ಸರ್ಕಾರ ಏನೇನು ಮಾಡಿತು, ಏನು ತಗೊಂಡಿತು ಬರೀರಿ: ಮಗುವಿನ ಹಳದಿ ಸ್ಕೂಲ್ ಬಸ್, ಲೈಬ್ರರಿ, ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿಗೆ (ಸರ್ಕಾರದ ಪಿಂಚಣಿ ಯೋಜನೆ) ಕಡಿತವಾಗುವ 6.2%. ಪ್ರತಿಯೊಂದರ ಎದುರು, ಇದನ್ನು ಸರ್ಕಾರವೇ ಮಾಡಬೇಕಾ ಅಂತ ಗುರುತು ಹಾಕಿ. ಆಮೇಲೆ ಪಕ್ಷದ ಪ್ರಣಾಳಿಕೆ ಪಕ್ಕದಲ್ಲಿಟ್ಟು ಓದಿ. ತೆರಿಗೆ ವಿಷಯದಲ್ಲಿ ನಾನು ಪೂರ್ತಿ ಅವರ ಕಡೆ, ಆದರೆ ಶಾಲೆಯ ಸಾಲಿಗೆ ಬಂದಾಗ ಪೆನ್ನು ನಿಂತೇಬಿಟ್ಟಿತು.

ಹಾಳೆ ನೋಡಿದ ಮೇಲೂ ಅವರೇ ಸರಿ ಅನ್ನಿಸಿದರೆ ಆಗ ರಾಜ್ಯ ನೋಡಿ. ನಿಮ್ಮದು ಯಾವ ರಾಜ್ಯ ಅಂತ ಬರೆದಿಲ್ಲ, ಹಾಗಾಗಿ ಖಚಿತವಾಗಿ ಹೇಳಲಾರೆ. ಮೇನ್, ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ಗೆದ್ದವರಿಗೇ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೆ ಇರುವ ಮತಗಳು). ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತಿರುವ ಕ್ಯಾಲಿಫೋರ್ನಿಯಾದಂಥ ಕಡೆ ಧೈರ್ಯವಾಗಿ ಮನಸ್ಸಿಗೆ ಬಂದವರಿಗೆ ಹಾಕಿ, ದೇಶದಾದ್ಯಂತ 5% ಮತ ದಾಟಿದರೆ ಆ ಪಕ್ಷಕ್ಕೆ ಮುಂದಿನ ಚುನಾವಣೆಗೆ ಸರ್ಕಾರದ ಹಣವೂ ಸಿಗುತ್ತದೆ. ಪೈಪೋಟಿ ಜಾಸ್ತಿ ಇರುವ ರಾಜ್ಯವಾದರೆ, ಇಬ್ಬರು ದೊಡ್ಡವರಲ್ಲಿ ಯಾರು ಗೆದ್ದರೂ ನನಗೆ ಸರಿಯೇ ಅಂತ ನಿಮ್ಮನ್ನೇ ಕೇಳಿಕೊಳ್ಳಿ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಬುಷ್, ಗೋರ್ ನಡುವಿನ ಅಂತರ ಬರೀ 537 ಮತ, ಅಲ್ಲಿ ಮೂರನೇ ಪಕ್ಷದ (ಗ್ರೀನ್) ಅಭ್ಯರ್ಥಿ ರಾಲ್ಫ್ ನೇಡರ್‌ಗೆ ಬಿದ್ದಿದ್ದು 97 ಸಾವಿರಕ್ಕೂ ಜಾಸ್ತಿ.

ನಿಮ್ಮ ಕೌಂಟಿಯ (ಜಿಲ್ಲೆಯಂಥ ಆಡಳಿತ ವಿಭಾಗ) ವೆಬ್‌ಸೈಟಿನಿಂದ ಸ್ಯಾಂಪಲ್ ಬ್ಯಾಲೆಟ್, ಅಂದರೆ ಮಾದರಿ ಮತಪತ್ರ, ಇವತ್ತೇ ಇಳಿಸಿಕೊಳ್ಳಿ. ಅಧ್ಯಕ್ಷರಿಗೆ ಒಂದು ಪಕ್ಷ, ಸ್ಕೂಲ್ ಬೋರ್ಡಿಗೆ ಬೇರೆಯವರು, ಹೀಗೂ ಹಾಕಬಹುದು.