ಸಂಪಾದಕರ ಉತ್ತರ: ರಾತ್ರಿ 2 ಗಂಟೆಗೆ ಆಗಬೇಕಾದ ನಕಲು

ಓದುಗರ ಪತ್ರ, ಸಂಕ್ಷಿಪ್ತವಾಗಿ: ನಾನು ಆಳಂದ ತಾಲೂಕಿನ ನಿವೃತ್ತ ಶಿಕ್ಷಕಿ. ನಮ್ಮ ಕಡೆಯ ಭಜನಾ ಮೇಳಗಳಲ್ಲಿ ಹಿಂದೆ ಕ್ಯಾಸೆಟ್ಟಿಗೆ ಹಿಡಿದಿಟ್ಟ ತತ್ವಪದ, ಮೊಹರಂ ಪದಗಳನ್ನು ಈಗ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. ದಿನಾ ರಾತ್ರಿ 2 ಗಂಟೆಗೆ ಅವೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ತಾವಾಗಿ ನಕಲಾಗುವಂತೆ ಹೈದರಾಬಾದಿನಲ್ಲಿರುವ ನಮ್ಮ ಅಳಿಯ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ (ಹೇಳಿದ ಹೊತ್ತಿಗೆ ಕೆಲಸವನ್ನು ತಾನಾಗಿ ನಡೆಸುವ ಸಲಕರಣೆ) ಹೊಂದಿಸಿ ಹೋಗಿದ್ದಾರೆ. ಒಮ್ಮೆ ಆಗುತ್ತದೆ, ನಾಲ್ಕು ದಿನ ಆಗುವುದಿಲ್ಲ. ಆದ ದಿನವೂ ‘ಇನ್‌ಕರೆಕ್ಟ್ ಫಂಕ್ಷನ್’ ಎಂದು ತೋರಿಸುತ್ತದೆ. ಒಂದು ಸಲ ‘ರನ್ನಿಂಗ್’ ಎಂದು ಎರಡು ದಿನ ಹಾಗೇ ನಿಂತಿತ್ತು. ಅವರು ಆಜ್ಞೆಗಳನ್ನು ಬರೆದಿಟ್ಟ ಬ್ಯಾಚ್ ಫೈಲನ್ನು ನಾನೇ ಡಬಲ್ ಕ್ಲಿಕ್ ಮಾಡಿದರೆ ಮಾತ್ರ ಸರಿಯಾಗಿ ನಡೆಯುತ್ತದೆ. ಮಲಗುವಾಗ ಲ್ಯಾಪ್‌ಟಾಪ್ ಮುಚ್ಚಿಡುತ್ತೇನೆ, ತಿದ್ದುತ್ತಿದ್ದ ಫೈಲು ತೆರೆದೇ ಇರುತ್ತದೆ. ಬೇರೆ ಸಾಫ್ಟ್‌ವೇರ್ ಕೊಳ್ಳಬೇಕೆ? ಆ ಬ್ಯಾಚ್ ಫೈಲಿನ ಸಾಲುಗಳನ್ನು ಬರೆದು ಕಳಿಸಿದ್ದೇನೆ.

ಅಕ್ಕೋರೆ, ನಮಸ್ಕಾರ.

ಏನೂ ಕೊಳ್ಳಬೇಡಿ. ನಿಮ್ಮ ಅಳಿಯಂದಿರು ಬಳಸಿದ, ಫೈಲು ನಕಲು ಮಾಡುವ ರೋಬೋಕಾಪಿ ಎಂಬ ಕಾರ್ಯಕ್ರಮ ವಿಸ್ಟಾ ಕಾಲದಿಂದಲೂ ವಿಂಡೋಸ್ ಜೊತೆಗೇ ಬರುತ್ತದೆ, ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ನೀವು ಕಳಿಸಿದ ಸಾಲಿನಲ್ಲಿ ಒಂದು ಆಜ್ಞೆ ನೋಡಿ ನನಗೆ ಗಾಬರಿಯಾಯಿತು. ಮೊದಲು ಅದನ್ನು ತೆಗೆಸಿ, ಉಳಿದದ್ದು ಆಮೇಲೆ.

ಓರೆಗೆರೆಯ ಮುಂದೆ ‘ಮಿರ್’ ಎಂದಿದೆಯಲ್ಲ, ಅದು ಮಿರರ್ ಎಂಬುದರ ಚುಟುಕು. ಮೂಲದಲ್ಲಿ ಏನಿದೆಯೋ ಹಾರ್ಡ್‌ಡಿಸ್ಕಿನಲ್ಲೂ ಅಷ್ಟೇ ಇರಲಿ ಎಂದು ಅದರ ಅರ್ಥ. ಮೂಲದಲ್ಲಿ ಇಲ್ಲದ್ದನ್ನು ಅದು ಹಾರ್ಡ್‌ಡಿಸ್ಕಿನಿಂದ ಅಳಿಸಿಬಿಡುತ್ತದೆ, ಕೇಳುವುದಿಲ್ಲ. ಮೊಮ್ಮಗ ಆಡುತ್ತ ಕಡಕೋಳ ಮಡಿವಾಳಪ್ಪನವರ ಪದಗಳ ಫೋಲ್ಡರನ್ನು ಅಳಿಸಿದನೆನ್ನಿ. ನಿಮಗೆ ಗೊತ್ತಾಗುವ ಮೊದಲೇ ಆ ರಾತ್ರಿ ನಕಲೂ ಹೋಗುತ್ತದೆ. ಓರೆಗೆರೆ ಸಮೇತ ‘ಮಿರ್’ ತೆಗೆದು ಅದೇ ಜಾಗದಲ್ಲಿ ಓರೆಗೆರೆ ಮತ್ತು ಇಂಗ್ಲಿಷಿನ ‘ಇ’ ಅಕ್ಷರ ಇಟ್ಟರೆ ಒಳಫೋಲ್ಡರುಗಳೂ ಸೇರಿ ಎಲ್ಲ ನಕಲಾಗುತ್ತದೆ, ಯಾವುದೂ ಅಳಿಯುವುದಿಲ್ಲ. ಹಳೆಯ ಫೈಲುಗಳು ಹಾರ್ಡ್‌ಡಿಸ್ಕಿನಲ್ಲಿ ಉಳಿದು ಸ್ವಲ್ಪ ಜಾಗ ಹಿಡಿದಾವು, ಹಿಡಿಯಲಿ. ಟೇಪು ಹಳೆಯದಾದಂತೆ ಅದರ ಮೇಲಿನ ಲೇಪ ಉದುರುತ್ತದೆ. ಒಮ್ಮೆ ಓಡಿದ ಕ್ಯಾಸೆಟ್ಟು ಮತ್ತೊಮ್ಮೆ ಓಡುತ್ತದೆಂಬ ಭರವಸೆಯಿಲ್ಲ, ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಇನ್ನೂ ಒಂದು ಮಾತು: ತಿದ್ದಿದ ಫೈಲನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಮಾರನೆಯ ನಕಲು ಹಳೆಯದರ ಮೇಲೆಯೇ ಕೂರುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು ಹಾಗೇ ಒಂದು ಫೋಲ್ಡರಿನಲ್ಲಿಟ್ಟು ಅದನ್ನು ಮುಟ್ಟಬೇಡಿ. ತಿದ್ದುವುದೆಲ್ಲ ಬೇರೆ ಫೋಲ್ಡರಿನಲ್ಲಿ ಆಗಲಿ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ರಾತ್ರಿ 2 ಗಂಟೆ ಎನ್ನುವುದು ಹಗಲಿರುಳು ಎಚ್ಚರವಿರುವ ಕಚೇರಿ ಸರ್ವರುಗಳ ಹೊತ್ತು. ಮುಚ್ಚಿಟ್ಟ ನಿಮ್ಮ ಲ್ಯಾಪ್‌ಟಾಪ್ ಆಗ ನಿದ್ದೆಯಲ್ಲಿರುತ್ತದೆ. ಟಾಸ್ಕಿನ ಕಂಡಿಷನ್ಸ್ ಪುಟದಲ್ಲಿ ‘ವೇಕ್ ದ ಕಂಪ್ಯೂಟರ್ ಟು ರನ್ ದಿಸ್ ಟಾಸ್ಕ್’ ಎಂಬುದಕ್ಕೆ ಗುರುತು ಹಾಕಿ, ಪವರ್ ಆಪ್ಷನ್ಸ್‌ನಲ್ಲಿ ವೇಕ್ ಟೈಮರುಗಳಿಗೂ ಅನುಮತಿ ಕೊಟ್ಟು ಅದನ್ನು ಎಬ್ಬಿಸಬಹುದು. ನಾನದನ್ನು ಒಪ್ಪುವುದಿಲ್ಲ. ಹಗಲು 40 ಡಿಗ್ರಿ ದಾಟುವ ನಮ್ಮ ಕಲಬುರಗಿ ಸೀಮೆಯ ಬೇಸಿಗೆಯಲ್ಲಿ, ಚೀಲದಲ್ಲೋ ಹಾಸಿಗೆಯ ಮೇಲೋ ಮುಚ್ಚಿಟ್ಟ ಯಂತ್ರ ನಡುರಾತ್ರಿ ಎದ್ದು ಬಿಸಿಯಾಗುವುದು ಬೇಡ. ನೀವು ದಿನಾ ಅದರ ಮುಂದೆ ಕೂರುವ ಹೊತ್ತಿಗೇ ಕೆಲಸ ಇಡಿ, ಸಂಜೆ 6 ಗಂಟೆ ಎಂದುಕೊಳ್ಳಿ. ಅದರ ಜೊತೆಗೆ ಸೆಟ್ಟಿಂಗ್ಸ್ ಪುಟದಲ್ಲಿ ‘ರನ್ ಟಾಸ್ಕ್ ಆ್ಯಸ್ ಸೂನ್ ಆ್ಯಸ್ ಪಾಸಿಬಲ್ ಆಫ್ಟರ್ ಎ ಶೆಡ್ಯೂಲ್ಡ್ ಸ್ಟಾರ್ಟ್ ಈಸ್ ಮಿಸ್ಡ್’ ಎಂಬ ಸಾಲಿಗೆ ತಪ್ಪದೆ ಗುರುತು ಹಾಕಿ. ಹೊತ್ತು ತಪ್ಪಿದರೆ ಮುಂದೆ ಯಂತ್ರ ಎಚ್ಚರವಾದಾಗ ಕೆಲಸ ನಡೆಯುತ್ತದೆ. ಮನೆಯ ಕಂಪ್ಯೂಟರಿಗೆ ಇಷ್ಟು ಉಪಯುಕ್ತವಾದ ಗುರುತು ಇನ್ನೊಂದಿಲ್ಲ, ಆದರೂ ಅದು ತಾನಾಗಿ ಹಾಕಿರುವುದಿಲ್ಲ.

ಕರೆಂಟಿನ ವಿಷಯವೂ ಇದೆ. ಚಾರ್ಜರಿನಿಂದ ವಿದ್ಯುತ್ ಬರುತ್ತಿದ್ದರೆ ಮಾತ್ರ ಶುರುಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು ಎಂಬ ಎರಡು ಷರತ್ತುಗಳು ಕಂಡಿಷನ್ಸ್ ಪುಟದಲ್ಲಿ ಮೊದಲಿನಿಂದಲೇ ಇರುತ್ತವೆ. ಕರೆಂಟು ಹೋಗಿಬರುವ ಊರಿನಲ್ಲಿ ಎರಡನ್ನೂ ತೆಗೆಯುವುದೇ ಸರಿ. ಯುಪಿಎಸ್‌ಗೆ ಯುಎಸ್‌ಬಿ ತಂತಿ ಜೋಡಿಸಿದ ಡೆಸ್ಕ್‌ಟಾಪ್ ಇರುವವರೂ ಇದನ್ನು ಗಮನಿಸಿ, ವಿಂಡೋಸ್ ಆ ಯುಪಿಎಸ್ಸನ್ನು ಬ್ಯಾಟರಿ ಎಂದೇ ಎಣಿಸುತ್ತದೆ.

ಎರಡು ದಿನ ‘ರನ್ನಿಂಗ್’ ಎಂದು ನಿಂತದ್ದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ ಎಂದು ನನ್ನ ಅಂದಾಜು. ತಿದ್ದುವ ತಂತ್ರಾಂಶ ಫೈಲನ್ನು ಹಿಡಿದಿಟ್ಟುಕೊಂಡಿದ್ದರೆ ರೋಬೋಕಾಪಿ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. 30 ಸೆಕೆಂಡು ಕಾದು ಮತ್ತೆ ಯತ್ನಿಸುತ್ತದೆ, ಹೀಗೆ 10 ಲಕ್ಷ ಸಲ. ಅದಕ್ಕೆ ಮೊದಲಿನಿಂದ ಇರುವ ಸಂಖ್ಯೆಯೇ ಅದು. ಹಳೆಯ ಕೆಲಸ ಮುಗಿಯದೆ ಹೊಸದನ್ನು ಶುರುಮಾಡಬೇಡ ಎಂಬುದು ಶೆಡ್ಯೂಲರಿನ ನಿಯಮವಾದ್ದರಿಂದ ಮಾರನೆಯ ದಿನದ ನಕಲೂ ತಪ್ಪುತ್ತದೆ. ಮೂರು ದಿನ ಮೀರಿದರೆ ಮಾತ್ರ ತಾನಾಗಿ ಕೊನೆಗೊಳಿಸುತ್ತದೆ. ಆಜ್ಞೆಯ ಸಾಲಿನ ಕೊನೆಗೆ ಎರಡು ತುಣುಕು ಸೇರಿಸಿ: ಓರೆಗೆರೆ, ಆರ್ ಅಕ್ಷರ, ಕೋಲನ್, 2, ಸ್ವಲ್ಪ ಜಾಗ ಬಿಟ್ಟು ಓರೆಗೆರೆ, ಡಬ್ಲ್ಯೂ ಅಕ್ಷರ, ಕೋಲನ್, 5. ಎರಡು ಸಲ ಮಾತ್ರ ಮರಳಿ ಯತ್ನಿಸು, ನಡುವೆ 5 ಸೆಕೆಂಡು ಕಾಯಿ ಎಂದು ಅರ್ಥ. ಮೂರು ದಿನದ ಮಿತಿಯನ್ನು ಎರಡು ಗಂಟೆಗೆ ಇಳಿಸಿ.

ಡಬಲ್ ಕ್ಲಿಕ್ಕಿಗೆ ನಡೆಯುವುದು ಶೆಡ್ಯೂಲರಿನಲ್ಲಿ ನಡೆಯದಿರಲು ಇನ್ನೊಂದು ಕಾರಣವೂ ಇರಬಹುದು. ನೀವು ಕ್ಲಿಕ್ ಮಾಡಿದಾಗ ಬ್ಯಾಚ್ ಫೈಲು ತಾನಿರುವ ಫೋಲ್ಡರಿನಲ್ಲಿ ನಿಂತು ಕೆಲಸ ಮಾಡುತ್ತದೆ, ಶೆಡ್ಯೂಲರ್ ಓಡಿಸಿದಾಗ ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿ. ಆ್ಯಕ್ಷನ್ಸ್ ಪುಟದ ‘ಸ್ಟಾರ್ಟ್ ಇನ್’ ಖಾನೆಯಲ್ಲಿ ಬ್ಯಾಚ್ ಫೈಲಿರುವ ಫೋಲ್ಡರಿನ ಪೂರ್ತಿ ವಿಳಾಸ ತುಂಬಿ, ಆದರೆ ಉದ್ಧರಣ ಚಿಹ್ನೆ ಹಾಕಬೇಡಿ. ಹಾಕಿದರೆ ಆ ಖಾನೆ ಒಪ್ಪುವುದಿಲ್ಲ. ಫೋಲ್ಡರುಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದೀರಿ, ಓದಿ ಸಂತೋಷವಾಯಿತು, ಬದಲಿಸಬೇಡಿ. ಅಳಿಯಂದಿರು ಮೊದಲ ಸಾಲಿನಲ್ಲಿ ಕೋಡ್‌ಪೇಜ್ 65001 ಎಂದು ಬರೆದಿರುವುದು ಅದಕ್ಕಾಗಿಯೇ, ಆ ಸಾಲು ಅಳಿಸಿದರೆ ಕನ್ನಡ ಹೆಸರು ವಿಂಡೋಸಿಗೆ ತಿಳಿಯದು.

‘ರನ್ ವೆದರ್ ಯೂಸರ್ ಈಸ್ ಲಾಗ್ಡ್ ಆನ್ ಆರ್ ನಾಟ್’ ನಿಮಗೆ ಬೇಡ. ಅದಕ್ಕೆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು, ನೀವು ಒತ್ತುವ ಪಿನ್ ನಡೆಯದು. ಲಾಗಿನ್ ಆಗಿದ್ದಾಗ ಮಾತ್ರ ಓಡಲಿ ಎಂಬುದೇ ಇರಲಿ.

ಕೊನೆಗೆ ಆ ‘ಇನ್‌ಕರೆಕ್ಟ್ ಫಂಕ್ಷನ್’. ಅದನ್ನು ಕಂಡು ಬೇಸರಪಡಬೇಡಿ. ಅದರ ಪಕ್ಕದಲ್ಲಿ ಇರುವ ಸಂಖ್ಯೆ 1, ಬೇರೆ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಅದು ದೋಷದ ಸೂಚನೆ. ರೋಬೋಕಾಪಿಯಲ್ಲಿ 1 ಎಂದರೆ ಹೊಸ ಫೈಲುಗಳು ಸರಿಯಾಗಿ ನಕಲಾದವು ಎಂದರ್ಥ, 0 ಎಂದರೆ ನಕಲು ಮಾಡಲು ಹೊಸದೇನೂ ಇರಲಿಲ್ಲ. 8ಕ್ಕಿಂತ ಕೆಳಗಿನ ಯಾವ ಸಂಖ್ಯೆಗೂ ಹೆದರುವ ಕಾರಣವಿಲ್ಲ. ಆದ್ದರಿಂದ ‘ದೋಷ’ ತೋರಿಸಿದ ದಿನಗಳಲ್ಲೇ ನಿಮ್ಮ ಪದಗಳು ಚೆನ್ನಾಗಿ ನಕಲಾಗಿವೆ. ‘ಹಿಸ್ಟರಿ’ ಪುಟ ಖಾಲಿಯಿದ್ದರೆ ಬಲಬದಿಯ ‘ಎನೇಬಲ್ ಆಲ್ ಟಾಸ್ಕ್ಸ್ ಹಿಸ್ಟರಿ’ ಒತ್ತಿ, ಮುಂದಿನ ಓಟದಿಂದ ದಾಖಲಾಗುತ್ತದೆ.

ಸಂಖ್ಯೆಯನ್ನಷ್ಟೇ ನಂಬದೆ ವಾರಕ್ಕೊಮ್ಮೆ ಹಾರ್ಡ್‌ಡಿಸ್ಕಿನಿಂದಲೇ ಒಂದು ಪದ ತೆರೆದು ಪೂರ್ತಿ ಕೇಳಿ. ಆ ಹಾರ್ಡ್‌ಡಿಸ್ಕು ಸದಾ ಲ್ಯಾಪ್‌ಟಾಪಿಗೆ ಅಂಟಿಕೊಂಡೇ ಇರುವುದರಿಂದ ಕಳುವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ತಿಂಗಳಿಗೊಂದು ಪ್ರತಿ ಬೇರೆ ಡಿಸ್ಕಿಗೆ ಮಾಡಿ ಹೈದರಾಬಾದಿನಲ್ಲಿ ಅಳಿಯಂದಿರ ಮನೆಯಲ್ಲಿ ಇಡಿಸಿ. ಇಷ್ಟು ಬದಲಿಸಿದ ಮೇಲೆ 8 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಹಿಸ್ಟರಿ ಪುಟದ ಫೋಟೊ ತೆಗೆದು ಕಳಿಸಿಕೊಡಿ, ಮುಂದಿನ ಸಂಚಿಕೆಗೆ ಕಾಯದೆ ಪತ್ರದಲ್ಲೇ ಉತ್ತರಿಸುತ್ತೇನೆ.

ಸಂಪಾದಕ